ಕೌದಿ ಹೊಲಿದ ಮನೆಗಳಲ್ಲಿ ಕಸದ ವಿವೇಚನೆ

ಇಳಕಲ್ಲಿನ ಮಗ್ಗದಿಂದ ಇಳಿದ ಸೀರೆಯೊಂದಕ್ಕೆ ನಮ್ಮ ಹಿಂದಿನ ತಲೆಮಾರಿನ ಗೃಹಿಣಿಯರು ಗೊತ್ತುಮಾಡಿದ್ದ ಆಯುಷ್ಯವು ಅದನ್ನು ನೇಯ್ದ ನೇಕಾರನ ಊಹೆಯನ್ನೂ ಮೀರಿದ್ದಾಗಿತ್ತು. ಒಡಲಿನ ಹಾಸಿಗೂ ಸೆರಗಿನ ಹಾಸಿಗೂ ಎಳೆಗೆಳೆ ಕೊಂಡಿ ಹಾಕಿಸಿಕೊಂಡು, ಟೋಪತೆನೆಯ ಕೆಂಪು ಸೆರಗನ್ನು ಮೆರೆಸುತ್ತ ಮದುವೆಯ ಮನೆಗೆ ಬಂದ ಆ ಸೀರೆಯು, ಮೊದಲ ಕೆಲವು ವರ್ಷ ಹಬ್ಬ ಜಾತ್ರೆಗಳಿಗೆ ಮೀಸಲಾಗಿದ್ದು, ಬಣ್ಣ ಮಾಸಿದ ಬಳಿಕ ಹೊಲಮನೆಗಳ ನಿತ್ಯದ ಉಡುಗೆಗೆ ಇಳಿದು, ಮಡಿಕೆಯ ಗೆರೆಯಲ್ಲಿ ಹರಿಯತೊಡಗಿದಾಗ ಕೂಸನ್ನು ತೂಗುವ ಜೋಲಿಯಾಗಿ, ಅಲ್ಲಿಯೂ ಸವೆದ ಮೇಲೆ ಹಳೆಯ ಧೋತರ ಕುಬಸಗಳ ಸಂಗಡ ಪದರದ ಮೇಲೆ ಪದರವಾಗಿ ಕೂಡಿ, ಒತ್ತೊತ್ತಾದ ಕೈಹೊಲಿಗೆಯಿಂದ ಕೌದಿಯಾಗಿ, ಮತ್ತೊಂದು ತಲೆಮಾರಿನ ಮಕ್ಕಳನ್ನು ಮಾಗಿಯ ಚಳಿಯಿಂದ ಕಾಪಾಡುತ್ತಿತ್ತು. ಕೌದಿಯೂ ಜೀರ್ಣವಾದಾಗ ಚಕ್ಕಡಿಯ ಹಾಸಾಗಿ, ಕಟ್ಟಕಡೆಗೆ ಒಲೆಯ ಮೇಲಿನ ಗಡಿಗೆಯನ್ನು ಇಳಿಸುವ ಮಸಿಯರಿವೆಯಾಗಿ, ಅದು ತಿಪ್ಪೆಯನ್ನು ಸೇರುವ ಹೊತ್ತಿಗೆ ಅದರಲ್ಲಿ ಎಸೆಯತಕ್ಕದ್ದೆಂಬುದು ಏನೂ ಉಳಿದಿರುತ್ತಿರಲಿಲ್ಲ.

ಅರಿವೆಯ ಮಾತು ಹೀಗಾದರೆ ಅಡುಗೆಮನೆಯ ಮಾತೂ ಇದಕ್ಕೆ ಹೊರತಾಗಿರಲಿಲ್ಲ. ಬೇಳೆ ತೊಳೆದ ನೀರು, ಕಾಯಿಪಲ್ಯದ ಸಿಪ್ಪೆ, ಹಿಟ್ಟು ಸಾಣಿಸಿ ಉಳಿದ ತೌಡು, ಉಂಡು ಮಿಕ್ಕ ನುಚ್ಚು ಇವೆಲ್ಲವೂ ಎಮ್ಮೆಯ ಮುಸುರೆಯ ಬಾನಿಗೆ ಸಲ್ಲುತ್ತಿದ್ದವು. ಎಮ್ಮೆಯ ಸಗಣಿಯಲ್ಲಿ ಕೆಲವು ಪಾಲು ಕುಳ್ಳಾಗಿ ಒಲೆಗೂ ಉಳಿದದ್ದು ತಿಪ್ಪೆಗೂ ಹೋಗುತ್ತಿತ್ತು. ಒಲೆಯ ಬೂದಿಯು ಪಾತ್ರೆ ತಿಕ್ಕುವುದಕ್ಕೂ, ಬೀಜದ ಕಾಳಿಗೆ ಹುಳು ಹತ್ತದಂತೆ ಬೆರೆಸಿಡುವುದಕ್ಕೂ ಬರುತ್ತಿತ್ತು. ಮುಂಗಾರಿಗೆ ಮುನ್ನ ಒಂದು ದಿನ ತಿಪ್ಪೆಯನ್ನು ಅಗೆದು ಚಕ್ಕಡಿಯಲ್ಲಿ ತುಂಬಿ ಹೊಲಕ್ಕೆ ಸಾಗಿಸಿದರೆ ಮನೆಯ ವರ್ಷದ ಲೆಕ್ಕ ಮುಗಿದಂತಾಗುತ್ತಿತ್ತು. ಮರುಬಳಕೆಯೆಂಬ ಹೆಸರಿನಿಂದ ಇಂದು ಅಧಿಕಾರಿಗಳು ಹಸ್ತಪತ್ರಿಕೆಗಳಲ್ಲಿ ಬೋಧಿಸುತ್ತಿರುವ ಧರ್ಮವು ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲುಗಳ ಮನೆಗಳಿಗೆ ಹೊಸದಾಗಿ ಬಂದದ್ದೇನೂ ಅಲ್ಲ.

ಆದರೆ ಆ ಹಳೆಯ ಪದ್ಧತಿಯನ್ನು ಹೊಗಳುವಾಗ ಎರಡು ಸಂಗತಿಗಳನ್ನು ಮುಚ್ಚಿಡುವುದು ನ್ಯಾಯವಲ್ಲ. ಮೊದಲನೆಯದು, ಆ ಮಿತವ್ಯಯದ ಭಾರವೆಲ್ಲ ಹೆಂಗಸರ ಬೆನ್ನಿನ ಮೇಲಿತ್ತು. ಗಂಡಸರು ಗೌರವದಿಂದ ಹೊದೆದು ಮಲಗಿದ ಕೌದಿಯ ಪ್ರತಿಯೊಂದು ಹೊಲಿಗೆಯೂ ಯಾವಳೋ ಒಬ್ಬಳ ಮಧ್ಯಾಹ್ನದ ವಿಶ್ರಾಂತಿಯನ್ನು ನುಂಗಿದ್ದಾಗಿತ್ತು. ಎರಡನೆಯದು, ಮನೆಯೊಳಗಿನ ಕಸಕ್ಕೆ ಇಷ್ಟು ವಿವೇಕವಿದ್ದ ಸಮಾಜವು ಬೀದಿಯ ಕಸವನ್ನು ಹುಟ್ಟಿನಿಂದ ಗೊತ್ತಾದ ಕೆಲವರ ಪಾಲಿಗೆ ತಳ್ಳಿ, ಅದನ್ನು ಎತ್ತುವ ಕೈಯನ್ನೇ ಹೊಲಸೆಂದು ದೂರವಿಟ್ಟಿತ್ತು. ಹೊಸಿಲಿನ ಒಳಗಿನ ಶುಚಿತ್ವವೇ ಬೇರೆ, ಹೊರಗಿನದೇ ಬೇರೆ ಎಂಬ ಈ ಭೇದಬುದ್ಧಿಯು ಇಂದಿಗೂ ನಮ್ಮನ್ನು ಬಿಟ್ಟಿಲ್ಲ. ಅಂಗಳಕ್ಕೆ ನೀರು ಚಿಮುಕಿಸಿ ರಂಗವಲ್ಲಿಯಿಟ್ಟ ಕೈಯೇ ಕಸದ ಚೀಲವನ್ನು ಎದುರಿನ ಖಾಲಿ ನಿವೇಶನಕ್ಕೆ ಬೀಸಿ ಎಸೆಯುವುದನ್ನು ಯಾವ ಊರಿನಲ್ಲಿಯೂ ಕಾಣಬಹುದು.

ಹಾಗಾದರೆ ಕೆಟ್ಟದ್ದು ಯಾವುದು? ಜನರ ಶೀಲ ಕೆಟ್ಟಿತೆಂದು ನಿಟ್ಟುಸಿರು ಬಿಡುವುದು ಸುಲಭವಾದ ಉತ್ತರ, ಆದರೆ ಸತ್ಯಕ್ಕೆ ದೂರವಾದ ಉತ್ತರ. ಕೈ ಬದಲಾಗಲಿಲ್ಲ, ಕೈಗೆ ಬಂದ ವಸ್ತು ಬದಲಾಯಿತು. ಹಿಂದೆ ಮನೆಯಿಂದ ಹೊರಗೆ ಹೋದದ್ದೆಲ್ಲ ಮಣ್ಣಿಗೆ ಅರಗುವ ಪದಾರ್ಥವಾಗಿತ್ತು. ಆದ್ದರಿಂದ ಎಲ್ಲಿ ಎಸೆದರೂ, ಹೇಗೆ ಬೆರೆಸಿ ಎಸೆದರೂ, ಕಾಲವು ಆ ತಪ್ಪನ್ನು ತಿದ್ದಿಬಿಡುತ್ತಿತ್ತು. ಈಗ ಶಾಂಪೂ, ಗುಟ್ಕಾ, ಬಿಸ್ಕತ್ತು, ಎಣ್ಣೆ, ಮಸಾಲೆ ಪುಡಿಗಳೆಲ್ಲ ಕೈಯಗಲದ ಚೀಟಿಗಳಲ್ಲಿ ಕಿರಾಣಿ ಅಂಗಡಿಯ ಬಾಗಿಲಿಗೆ ಮಾಲೆಯಾಗಿ ತೂಗುತ್ತಿವೆ. ಪ್ಲಾಸ್ಟಿಕ್ ಪದರ ಮತ್ತು ಅಲ್ಯೂಮಿನಿಯಂ ಹಾಳೆಗಳನ್ನು ಬಿಡಿಸಲಾರದಂತೆ ಅಂಟಿಸಿ ಮಾಡಿದ ಈ ಪೊಟ್ಟಣಗಳನ್ನು ಕರಗಿಸಿ ಮರಳಿ ಅದೇ ವಸ್ತುವನ್ನಾಗಿ ಮಾಡುವ ಉಪಾಯವು ಸಾಧಾರಣ ಕಾರ್ಖಾನೆಗಳಿಗೆ ನಿಲುಕಿಲ್ಲ. ನೂಲಿನ ಸೀರೆಯ ಸ್ಥಾನದಲ್ಲಿ ನಿತ್ಯದ ಉಡುಗೆಯಾಗಿ ಬಂದ ಪಾಲಿಯೆಸ್ಟರ್ ಸೀರೆಯು ಅಗ್ಗವೂ ಬಾಳಿಕೆಯದೂ ಹೌದು, ಆದರೆ ಬೆವರು ಹೀರದ ಅದು ಕೌದಿಯ ಪದರಕ್ಕೆ ಒಗ್ಗುವುದಿಲ್ಲ, ತಿಪ್ಪೆಗೆ ಹಾಕಿದರೆ ಕೊಳೆಯುವುದೂ ಇಲ್ಲ. ಎಮ್ಮೆ ಮನೆಯಿಂದ ಹೋಯಿತು, ಬಾನಿಯೂ ಅದರೊಡನೆ ಹೋಯಿತು. ಹೀಗೆ ನೂರು ವರ್ಷಗಳ ಅಭ್ಯಾಸವುಳ್ಳ ಕೈಯು ಹಳೆಯ ರೀತಿಯಲ್ಲಿಯೇ ಹೊಸ ವಸ್ತುವನ್ನು ಎಸೆಯುತ್ತಿರುವಾಗ, ಊರ ಹೊರಗಿನ ದಿಬ್ಬದಲ್ಲಿ ಕೊಳೆಯುವುದೂ ಕೊಳೆಯದ್ದೂ ಒಂದಾಗಿ, ಗೊಬ್ಬರವೂ ಆಗದೆ, ಮಾರುವ ಸರಕೂ ಆಗದೆ, ಬೇಸಿಗೆಯಲ್ಲಿ ತಾನಾಗಿ ಹೊತ್ತಿಕೊಂಡು ಹೊಗೆಯಾಡುತ್ತಿದೆ.

ಈ ದುರವಸ್ಥೆಗೆ ಸರಕಾರವು ಕಣ್ಣು ಮುಚ್ಚಿ ಕುಳಿತಿಲ್ಲವೆಂಬುದನ್ನೂ ಹೇಳಬೇಕು. ಬೆಂಗಳೂರಿನ ಅಲ್ಮಿತ್ರಾ ಪಟೇಲ್ ಎಂಬ ಮಹಿಳೆಯು 1996ರಲ್ಲಿ ಸರ್ವೋಚ್ಚ ನ್ಯಾಯಾಲಯದ ಮುಂದೆ ಇಟ್ಟ ಸಾರ್ವಜನಿಕ ಹಿತಾಸಕ್ತಿಯ ಅರ್ಜಿಯ ಫಲವಾಗಿ 2000ದಲ್ಲಿ ದೇಶಕ್ಕೆ ಮೊದಲ ಬಾರಿ ನಗರಗಳ ಘನತ್ಯಾಜ್ಯದ ನಿಯಮಾವಳಿ ದೊರೆಯಿತು. 2016ರಲ್ಲಿ ಅದನ್ನು ಪರಿಷ್ಕರಿಸಿ, ಹಸಿ ಕಸ, ಒಣ ಕಸ, ಮನೆಯ ಅಪಾಯಕಾರಿ ಕಸ ಎಂದು ಮೂರು ಬಗೆಯಾಗಿ ವಿಂಗಡಿಸಿ ಕೊಡುವುದು ಕಸವನ್ನು ಹುಟ್ಟಿಸಿದವನ ಹೊಣೆಯೆಂದು ವಿಧಿಸಲಾಯಿತು. ಅದೇ 2016ರ ಮಾರ್ಚಿನಲ್ಲಿ ಕರ್ನಾಟಕವು ಪ್ಲಾಸ್ಟಿಕ್ ಕೈಚೀಲ, ತಟ್ಟೆ, ಲೋಟ, ಬ್ಯಾನರುಗಳನ್ನು ನಿಷೇಧಿಸಿತು. 2022ರ ಜುಲೈ 1ರಿಂದ ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ಕಿನ ಹಲವು ಸಾಮಗ್ರಿಗಳ ಮೇಲೆ ದೇಶಕ್ಕೆಲ್ಲ ಅನ್ವಯಿಸುವ ನಿಷೇಧವೂ ಬಂದಿತು. ವಿಧಿಗಳಿಗೆ ಕೊರತೆಯಿಲ್ಲ. ಆದರೆ ಸಂತೆಯ ದಿನ ಇಳಕಲ್ಲಿನ ಪೇಟೆಯಲ್ಲಿಯೋ ಹುನಗುಂದದಲ್ಲಿಯೋ ಒಂದು ಪಾವು ಮೆಣಸಿನಕಾಯಿ ಕೊಂಡವನ ಕೈಯನ್ನು ನೋಡಿದರೆ, ವಿಧಿಗೂ ರೂಢಿಗೂ ನಡುವಿನ ಅಂತರ ಎಷ್ಟೆಂಬುದು ತಿಳಿಯುತ್ತದೆ.

ವಿಂಗಡಣೆಯು ಮನೆಯಲ್ಲಿಯೇ ಆಗತಕ್ಕದ್ದೆಂದು ಇಷ್ಟು ಒತ್ತಿ ಹೇಳುವುದೇಕೆ, ಕಸವನ್ನು ಒಟ್ಟಾಗಿ ಒಯ್ದು ಯಂತ್ರದಿಂದಲೋ ಆಳುಗಳಿಂದಲೋ ಆಮೇಲೆ ಬೇರ್ಪಡಿಸಬಾರದೇಕೆ, ಎಂಬ ಪ್ರಶ್ನೆಯನ್ನು ವಿದ್ಯಾವಂತರೂ ಕೇಳುತ್ತಾರೆ. ಪ್ರಶ್ನೆ ಸಾಧುವಾದದ್ದು, ಉತ್ತರವು ಅಡುಗೆಮನೆಯಲ್ಲಿಯೇ ಇದೆ. ನಮ್ಮ ಊರುಗಳ ಮನೆಗಸದಲ್ಲಿ ತೂಕದಿಂದ ಹೆಚ್ಚುಕಡಿಮೆ ಅರ್ಧದಷ್ಟು ಹಸಿಯದು. ಆ ಹಸಿಯಲ್ಲಿ ಸಾರಿನ ನೀರು ಒಂದು ಲೋಟದಷ್ಟಿದ್ದರೂ, ಅದರೊಡನೆ ಬಿದ್ದ ವರ್ತಮಾನ ಪತ್ರಿಕೆ, ರಟ್ಟಿನ ಪೆಟ್ಟಿಗೆ, ಮಕ್ಕಳ ನೋಟುಪುಸ್ತಕಗಳು ನೆನೆದು ಜಿಡ್ಡಾಗಿ, ಕಾಗದದ ಗಿರಣಿಗೆ ಬೇಡವಾಗುತ್ತವೆ. ಬೆಳಿಗ್ಗೆ ರದ್ದಿಯವನು ತೂಗಿ ಹಣ ಕೊಡುತ್ತಿದ್ದ ಸರಕು ಸಂಜೆಗೆ ನಾರುವ ಹೊರೆಯಾಗುತ್ತದೆ. ಇತ್ತ ಹಸಿಯ ಕಸದಲ್ಲಿ ಒಡೆದ ಗಾಜಿನ ಚೂರೊಂದು, ಬ್ಯಾಟರಿ ಸೆಲ್ಲೊಂದು, ಬ್ಲೇಡೊಂದು ಸೇರಿದರೆ, ಅದರಿಂದಾದ ಗೊಬ್ಬರವನ್ನು ಯಾವ ರೈತನೂ ಬರಿಗಾಲಿನಿಂದ ನಡೆಯುವ ತನ್ನ ಹೊಲಕ್ಕೆ ಹಾಕಿಸಿಕೊಳ್ಳುವುದಿಲ್ಲ. ಬೆರೆಸುವುದಕ್ಕೆ ಒಂದು ಕ್ಷಣ ಸಾಕು; ಬೇರ್ಪಡಿಸುವುದಕ್ಕೆ ಯಾರೋ ಒಬ್ಬರು ಕೊಳೆತದ್ದರಲ್ಲಿ ಕೈಯಿಟ್ಟು ಗಂಟೆಗಟ್ಟಲೆ ಕೂತಿರಬೇಕಾಗುತ್ತದೆ.

ಹಸಿಯ ಕಸವನ್ನು ಗೊಬ್ಬರ ಮಾಡುವ ವಿದ್ಯೆಯಲ್ಲಿ ನಮ್ಮ ಸೀಮೆಗೆ ಒಂದು ವಿಶೇಷವುಂಟು, ಅದನ್ನು ಕರಾವಳಿಯವರಿಗಾಗಿ ಬರೆದ ಪುಸ್ತಕಗಳಿಂದ ಕಲಿಯಲಾಗದು. ಮಂಗಳೂರಿನ ಕಡೆ, ತೂತಿನ ಮಡಕೆಯಲ್ಲಿ ಹಸಿಕಸ ಕೊಳೆಯಿಸಿ ಮಾಡುವ ಗೊಬ್ಬರದ ತೊಂದರೆಯೆಂದರೆ ತೇವ ಹೆಚ್ಚಾಗಿ ನಾರುವುದು. ಬಾಗಲಕೋಟೆಯ ಬಿಸಿಲಿನಲ್ಲಿ ತೊಂದರೆಯೆಂದರೆ ತೇವ ಆರಿ, ಸೂಕ್ಷ್ಮಜೀವಿಗಳು ಸುಮ್ಮನಾಗಿ, ಸಿಪ್ಪೆಗಳು ಕೊಳೆಯದೆ ಒಣಗಿ ಕೂರುವುದು. ಆದ್ದರಿಂದ ಇಲ್ಲಿ ತೂತಿನ ಮಡಕೆಯನ್ನು ನೆರಳಿನಲ್ಲಿಡಬೇಕು. ಒಂದು ಪದರ ಹಸಿಯದಕ್ಕೆ ಅದಕ್ಕಿಂತ ದಪ್ಪನಾದ ಇನ್ನೊಂದು ಪದರವಾಗಿ ಒಣಗಿದ ಬೇವಿನೆಲೆಯನ್ನೋ, ದನ ತಿನ್ನದೆ ಬಿಟ್ಟ ಕಣಿಕೆಯ ಬುಡಗಳನ್ನು ಕತ್ತರಿಸಿಯೋ ಹಾಕಬೇಕು. ಪಲ್ಯ ತೊಳೆದ ನೀರನ್ನು ಎರಡು ದಿನಕ್ಕೊಮ್ಮೆ ಚಿಮುಕಿಸಬೇಕು. ಮುಷ್ಟಿಯಲ್ಲಿ ಹಿಡಿದು ಹಿಂಡಿದಾಗ ಉಂಡೆ ಕಟ್ಟಬೇಕು, ನೀರು ತೊಟ್ಟಿಕ್ಕಬಾರದು. ತೇವಕ್ಕೆ ಇದೇ ಪ್ರಮಾಣ. ಇಂಗಾಲವುಳ್ಳ ಒಣಪದಾರ್ಥವೂ ಸಾರಜನಕವುಳ್ಳ ಹಸಿಪದಾರ್ಥವೂ ಹದವಾಗಿ ಬೆರೆತು ಗಾಳಿಯಾಡಿದರೆ, ದೊಡ್ಡ ರಾಶಿಗಳಲ್ಲಿ ಒಳಗಿನ ಶಾಖವು 55ರಿಂದ 60 ಡಿಗ್ರಿ ಸೆಲ್ಸಿಯಸ್ಸಿಗೆ ಏರಿ, ಕಳೆಯ ಬೀಜವೂ ರೋಗದ ಕ್ರಿಮಿಯೂ ಸಾಯುತ್ತವೆ. ಮನೆಯ ಮಡಕೆಯಲ್ಲಿ ಅಷ್ಟು ಶಾಖ ಬಾರದಿದ್ದರೂ ಒಂದೂವರೆ ಎರಡು ತಿಂಗಳಿಗೆ ಕಪ್ಪಾದ, ಮಣ್ಣಿನ ವಾಸನೆಯ ಗೊಬ್ಬರ ಕೈಸೇರುತ್ತದೆ. ಸಣ್ಣ ಊರುಗಳಲ್ಲಿ ತಲೆಗೆ ದಿನವೊಂದಕ್ಕೆ ಸುಮಾರು 200ರಿಂದ 300 ಗ್ರಾಂ ಕಸವೆಂದು ಲೆಕ್ಕ. ಐದು ಜನರ ಮನೆಯಲ್ಲಿ ಅದರ ಹಸಿಯ ಭಾಗವು ಅರ್ಧದಿಂದ ಮುಕ್ಕಾಲು ಕಿಲೋ. ಎರಡು ಮಡಕೆಗಳು ಸರದಿಯಲ್ಲಿ ಇದನ್ನು ನುಂಗಬಲ್ಲವು. ಹುನಗುಂದದಂಥ ಊರಿನಲ್ಲಂತೂ, ಮನೆಯ ಹಿತ್ತಿಲಿನಿಂದ ನಾಲ್ಕು ಹೆಜ್ಜೆ ದಾಟಿದರೆ ಎರೆಯ ಹೊಲವು ಎದುರಾಗುವಾಗ, ಸಾವಯವಾಂಶ ಕುಂದಿದ ಆ ಮಣ್ಣಿಗೂ ಈ ಗೊಬ್ಬರಕ್ಕೂ ಸಂಬಂಧ ಕುದುರಿಸುವುದು ಕಷ್ಟವಾಗಬಾರದು. ಬಾಗಲಕೋಟೆಯ ಉದ್ಯಾನಗಿರಿಯಲ್ಲಿ 2008ರಿಂದ ತೋಟಗಾರಿಕೆಯ ವಿಶ್ವವಿದ್ಯಾಲಯವೇ ನೆಲಸಿರುವಾಗ, ಮಡಕೆಯ ಪಕ್ಕದಲ್ಲಿ ಕೂತು ನಾಲ್ಕು ಮಾತು ಹೇಳಿಕೊಡುವ ವಿದ್ಯಾರ್ಥಿಗಳಿಗೂ ಬರಗಾಲವಿಲ್ಲ.

ಒಣ ಕಸದಲ್ಲಿ ಕಲಿಯತಕ್ಕದ್ದು ಇನ್ನೂ ಸ್ವಲ್ಪ ಸೂಕ್ಷ್ಮವಾದದ್ದು. ಹಾಲಿನ ಪಾಕೀಟು ಮೋಡಕಾ ಅಂಗಡಿಯವನಿಗೆ ಬೇಕಾದ ಸರಕು, ಆದರೆ ಒಳಗೆ ಹಾಲು ಉಳಿದು ಹುಳಿತದ್ದು ಅವನಿಗೂ ಬೇಡ. ಮೂಲೆಯನ್ನು ಪೂರ್ತಿ ಕತ್ತರಿಸದೆ ಅಂಟಿಕೊಂಡಿರುವಂತೆ ಸೀಳಿ, ಒಮ್ಮೆ ಜಾಲಿಸಿ ಬಿಸಿಲಿಗೆ ಬಿಟ್ಟರೆ ಸಾಕು. ಕತ್ತರಿಸಿ ಬಿದ್ದ ಮೂಲೆಯ ಚೂರನ್ನು ಲೋಕದ ಯಾವ ವಿಂಗಡಣೆಯವನೂ ಆಯಲಾರ, ಅದು ನೆಟ್ಟಗೆ ಚರಂಡಿಗೆ ಹೋಗುತ್ತದೆ. ಬೇಸಿಗೆಯಲ್ಲಿ ನೀರಿಗೆ ಕೊಡ ಹಿಡಿದು ನಿಲ್ಲುವ ಓಣಿಗಳಲ್ಲಿ ಕಸವನ್ನು ತೊಳೆಯಿರೆಂದು ಬೋಧಿಸುವುದು ಹಾಸ್ಯಾಸ್ಪದವಾಗಿ ತೋರಬಹುದು. ಅದಕ್ಕೆ ಮುಸುರೆ ತಿಕ್ಕಿದ ಕಡೆಯ ನೀರೇ ಧಾರಾಳವೆಂದು ಹೇಳಿಕೊಡಬೇಕಾದವರು ಆ ನೀರಿನ ಬೆಲೆ ಗೊತ್ತಿದ್ದವರೇ ಆಗಿರಬೇಕು. ಮೂರನೆಯ ಬಗೆಯದಂತೂ, ಸೆಲ್ಲು, ಬಲ್ಬು, ಅವಧಿ ಮೀರಿದ ಔಷಧಿಗಳು, ಬೇರೆ ಡಬ್ಬಿಯಲ್ಲಿಯೇ ಕೂಡಿರಬೇಕು; ಮುಟ್ಟಿನ ಬಟ್ಟೆ, ಮಕ್ಕಳ ಡಯಾಪರುಗಳನ್ನು ಕಾಗದದಲ್ಲಿ ಸುತ್ತಿ ಗುರುತು ಮಾಡಿ ಬೇರೆಯಾಗಿ ಕೊಡಬೇಕು, ಏಕೆಂದರೆ ಅವನ್ನು ಬಿಚ್ಚಿ ನೋಡುವ ಕೈಯೂ ಒಬ್ಬ ತಾಯಿಯದೋ ಮಗನದೋ ಆಗಿರುತ್ತದೆ.

ಇಷ್ಟೆಲ್ಲ ತಿಳಿಯಹೇಳುವ ಬಗೆ ಯಾವುದು? ಹಿಂದೆ ಊರಿಗೆ ಸುದ್ದಿ ಮುಟ್ಟಿಸಬೇಕಾದರೆ ಹಲಗೆ ಬಾರಿಸಿ ಡಂಗುರ ಹೊಯ್ಯುತ್ತಿದ್ದರು; ಇಂದು ಕಸದ ಗಾಡಿಯ ನೆತ್ತಿಯ ಮೇಲಿನ ಧ್ವನಿವರ್ಧಕವು ಪ್ರತಿದಿನ ಅದೇ ಹಾಡನ್ನು ಹಾಡಿಕೊಂಡು ಬರುತ್ತದೆ. ಹಾಡು ಕೇಳಿದಾಗ ಜನಕ್ಕೆ ಬರುವ ಅರಿವು ಒಂದೇ, ಗಾಡಿ ಬಂತು ಎಂಬುದು. ಅದರ ಸಾಹಿತ್ಯದಲ್ಲಿ ಹಸಿ ಒಣ ಎಂಬ ಉಪದೇಶವಿದೆಯೆಂದು ಕಿವಿಗೊಟ್ಟವರು ವಿರಳ. ಗೋಡೆಯ ಬರಹ, ಫಲಕ, ಶಾಲಾ ಮಕ್ಕಳ ಪ್ರಭಾತಫೇರಿ ಇವುಗಳ ಗತಿಯೂ ಬಹುಮಟ್ಟಿಗೆ ಇಷ್ಟೇ. ಅಮೆರಿಕದ ಕ್ಯಾಲಿಫೋರ್ನಿಯಾ ಪ್ರಾಂತದ ಲಾ ವರ್ನ್ ಎಂಬ ಊರಿನಲ್ಲಿ ಶುಲ್ಟ್ಸ್ ಎಂಬ ಮನಶ್ಶಾಸ್ತ್ರಜ್ಞರು ನಡೆಸಿ 1999ರಲ್ಲಿ ಪ್ರಕಟಿಸಿದ ಒಂದು ಪರೀಕ್ಷೆಯು ಈ ಅನುಭವಕ್ಕೆ ಶಾಸ್ತ್ರದ ಆಧಾರ ಕೊಡುತ್ತದೆ: ಮರುಬಳಕೆ ಮಾಡಿರೆಂದು ಬರಿದೆ ವಿನಂತಿಸಿದ ಅಥವಾ ಮಾಹಿತಿಯನ್ನಷ್ಟೆ ತಲಪಿಸಿದ ಮನೆಗಳಲ್ಲಿ ಗಣನೀಯವಾದ ಬದಲಾವಣೆ ಕಾಣಲಿಲ್ಲ, ಕಳೆದ ವಾರ ನೀವು ಇಷ್ಟು ಕೊಟ್ಟಿರಿ, ಅಥವಾ ನಿಮ್ಮ ನೆರೆಯವರು ಇಷ್ಟು ಕೊಟ್ಟರು ಎಂಬ ಲೆಕ್ಕವನ್ನು ಬಾಗಿಲಿಗೆ ತೂಗುಹಾಕಿದ ಮನೆಗಳಲ್ಲಿ ಕಂಡಿತು. ಮನುಷ್ಯನು ತಿಳಿವಳಿಕೆಯ ಕೊರತೆಯಿಂದ ಕೆಡುವುದಕ್ಕಿಂತ ಹೆಚ್ಚಾಗಿ, ಯಾರೂ ನೋಡುತ್ತಿಲ್ಲ, ಯಾರೂ ಮಾಡುತ್ತಿಲ್ಲ ಎಂಬ ಭಾವನೆಯಿಂದ ಕೆಡುತ್ತಾನೆ.

ಇದನ್ನು ಕಲಿಯುವುದಕ್ಕೆ ಸಮುದ್ರ ದಾಟಬೇಕಾದ ಅಗತ್ಯವೂ ಇಳಕಲ್ಲಿನವರಿಗೆ ಇರಲಿಲ್ಲ. ಅಲ್ಲಿಯ ಚಿತ್ತರಗಿ ವಿಜಯಮಹಾಂತೇಶ ಸಂಸ್ಥಾನ ಮಠದ ಡಾಕ್ಟರ್ ಮಹಾಂತ ಶಿವಯೋಗಿಗಳು 1975ರಲ್ಲಿ 'ಮಹಾಂತ ಜೋಳಿಗೆ'ಯೆಂಬ ಹೆಸರಿನಿಂದ ಆರಂಭಿಸಿದ ಕಾರ್ಯವು, ಜನರ ರೂಢಿಯನ್ನು ಬದಲಿಸುವ ವಿಷಯದಲ್ಲಿ ಕನ್ನಡನಾಡು ಕಂಡ ಅತ್ಯಂತ ಸರಳವಾದ, ಅತ್ಯಂತ ಧೈರ್ಯದ ಪ್ರಯೋಗಗಳಲ್ಲಿ ಒಂದೆಂದು ನಾನು ಭಾವಿಸುತ್ತೇನೆ. ಕಾಣಿಕೆ ಬೇಡಬೇಕಾದ ಜೋಳಿಗೆಯನ್ನು ಹೆಗಲಿಗೆ ಹಾಕಿಕೊಂಡು ಅವರು ಊರೂರು ಓಣಿಓಣಿಗಳಿಗೆ ಹೋಗಿ, ಹಣವನ್ನಲ್ಲ, ದವಸವನ್ನಲ್ಲ, ನಿಮ್ಮ ಕುಡಿತವನ್ನು, ತಂಬಾಕನ್ನು ಈ ಜೋಳಿಗೆಗೆ ಹಾಕಿರೆಂದು ಬೇಡಿದರು. ಉಪದೇಶಿಸಿದವರು ಮನೆಯ ಬಾಗಿಲಿಗೆ ತಾವೇ ಬಂದಿದ್ದರು. ಬಿಡುತ್ತೇನೆಂಬ ಮಾತನ್ನು ಕೊಟ್ಟವನು ನೆರೆಹೊರೆಯವರ ಕಣ್ಣೆದುರಿಗೆ ಕೊಟ್ಟಿದ್ದನು. ಕೊಟ್ಟ ಮಾತಿಗೆ ಒಂದು ಕಾಣುವ ಪಾತ್ರೆ ಇತ್ತು. ಶಿವಯೋಗಿಗಳು 2018ರಲ್ಲಿ ಲಿಂಗೈಕ್ಯರಾದರು; ಅವರ ಜನ್ಮದಿನವಾದ ಆಗಸ್ಟ್ 1ನ್ನು ರಾಜ್ಯವು ವ್ಯಸನಮುಕ್ತ ದಿನವೆಂದು ಆಚರಿಸುತ್ತಿದೆ. ಲಾ ವರ್ನಿನ ಪಂಡಿತರು ಬಾಗಿಲಿಗೆ ಚೀಟಿ ಕಟ್ಟಿ ಕಂಡುಹಿಡಿದುದನ್ನು, ಅದಕ್ಕೆ ಕಾಲು ಶತಮಾನ ಮೊದಲೇ ನಮ್ಮ ಮಠಾಧಿಪತಿಗಳೊಬ್ಬರು ಕಾಲ್ನಡೆಯಿಂದ ಕಂಡುಕೊಂಡಿದ್ದರು.

ಇಂಥ ಜೋಳಿಗೆಯನ್ನು ಇಂದು ಯಾರು ಹಿಡಿಯಬೇಕು? ಎಲ್ಲ ಊರಿಗೂ ಒಬ್ಬ ಶಿವಯೋಗಿ ಸಿಕ್ಕುವುದಿಲ್ಲ, ಆದರೆ ಎಲ್ಲ ಓಣಿಗೂ ಒಬ್ಬ ಹಿರಿಯಕ್ಕ ಸಿಕ್ಕುತ್ತಾಳೆ. ಸ್ವಸಹಾಯ ಸಂಘದ ವಾರದ ಸಭೆಗೆ ಕೂಡುವ ಹೆಂಗಸರಲ್ಲಿ ಯಾರ ಮಾತಿಗೆ ಉಳಿದವರು ತಲೆದೂಗುತ್ತಾರೆಂಬುದು ಅಲ್ಲಿ ಎಲ್ಲರಿಗೂ ಗೊತ್ತು. ಅಂಥವಳು ತನ್ನ ಮನೆಯಲ್ಲಿ ಎರಡು ಬುಟ್ಟಿಯಿಟ್ಟು, ಅಕ್ಕಪಕ್ಕದ ಹತ್ತು ಮನೆಗಳಿಗೆ ಹೋಗಿ ಬಂದರೆ ಆಗುವ ಕೆಲಸವು ಹತ್ತು ಫಲಕಗಳಿಂದ ಆಗುವುದಿಲ್ಲ. ರಾಜ್ಯದ ಗ್ರಾಮ ಪಂಚಾಯಿತಿಗಳಲ್ಲಿ ಈಚಿನ ವರ್ಷಗಳಲ್ಲಿ ಈ ತತ್ತ್ವವು ಕೃತಿಗೆ ಇಳಿದಿರುವುದು ಸಂತೋಷದ ಸಂಗತಿ: 'ಸ್ವಚ್ಛ ವಾಹಿನಿ'ಯೆಂಬ ಕಸದ ಗಾಡಿಗಳನ್ನು ಸಂಜೀವಿನಿ ಒಕ್ಕೂಟದ ಮಹಿಳೆಯರೇ ನಡೆಸಿಕೊಂಡು ಮನೆಮನೆಗೆ ಹೋಗುತ್ತಿದ್ದಾರೆ, 'ಸ್ವಚ್ಛ ಸಂಕೀರ್ಣ'ಗಳಲ್ಲಿ ಒಣ ಕಸವನ್ನು ಬಗೆಬಗೆಯಾಗಿ ಬೇರ್ಪಡಿಸಿ ಮಾರುತ್ತಿದ್ದಾರೆ. ಗಾಡಿಯ ಚಾಲಕಿಯು ಊರಿನ ಸೊಸೆಯೋ ಮಗಳೋ ಆಗಿರುವಾಗ, ಬೆರಕೆ ಕಸವನ್ನು ಆಕೆಯ ಕೈಗೆ ಕೊಡುವವರಿಗೆ ನಾಚಿಕೆಯೆಂಬುದೊಂದು ತಾನಾಗಿ ಹುಟ್ಟುತ್ತದೆ. ಪಟ್ಟಣಗಳ ಪುರಸಭೆ ನಗರಸಭೆಗಳು ಈ ವಿಷಯದಲ್ಲಿ ಹಳ್ಳಿಗಳಿಂದ ಕಲಿಯಲು ಸಂಕೋಚಪಡಬಾರದು.

ಬಾಗಲಕೋಟೆಯ ಹೊಸ ಬಡಾವಣೆಯಾದ ನವನಗರದ ಸಮಸ್ಯೆ ಬೇರೊಂದು ತೆರನದು. ಆಲಮಟ್ಟಿಯ ಹಿನ್ನೀರು ಬಾಗಲಕೋಟೆಯ ಹಳೆಯ ಊರಿನ ಬಹುಭಾಗವನ್ನು ನುಂಗುತ್ತ ಬಂದಾಗ, ತಲೆಮಾರುಗಳಿಂದ ಒಂದೇ ಓಣಿಯಲ್ಲಿ ಬಾಳಿದವರು ಸೆಕ್ಟರುಗಳ ಅಂಕಿಗಳಲ್ಲಿ ಹಂಚಿಹೋದರು. ರಸ್ತೆ ಅಗಲವಾಯಿತು, ನೆರೆ ದೂರವಾಯಿತು. ಹೆಸರು ಹಿಡಿದು ಗದರಿಸಬಲ್ಲ ಅಜ್ಜಿಯೊಬ್ಬಳು ಎದುರು ಕಟ್ಟೆಯ ಮೇಲೆ ಕೂತಿದ್ದ ಓಣಿಯಲ್ಲಿ ಕಸ ಎಸೆಯುವುದಕ್ಕೆ ಹಿಂಜರಿಯುತ್ತಿದ್ದವರಿಗೆ ಯಾರದೆಂದು ತಿಳಿಯದ ಖಾಲಿ ನಿವೇಶನವು ಎದುರಿಗೆ ಬಿದ್ದಿರುವಾಗ ಯಾವ ಹಿಂಜರಿಕೆ? ಇಂಥ ಬಡಾವಣೆಗಳಲ್ಲಿ ಶಿಕ್ಷಣವೆಂದರೆ ಮೊದಲು ಪರಿಚಯ. ಹೋಳಿಯ ಹಬ್ಬಕ್ಕೆ ಬಾಗಲಕೋಟೆಯು ಬಂಡಿಗಳಲ್ಲಿ ಬಣ್ಣ ತುಂಬಿಕೊಂಡು, ಹಲಗೆಯ ನಾದಕ್ಕೆ ಕುಣಿಯುತ್ತ ಊರೆಲ್ಲ ಒಂದಾಗುವ ಸಂಪ್ರದಾಯವನ್ನು ಇನ್ನೂ ಬಿಟ್ಟಿಲ್ಲವಾದ್ದರಿಂದ, ಅದಕ್ಕೆ ಬೇಕಾದ ಸ್ನೇಹದ ಬಂಡವಾಳ ಅಲ್ಲಿ ಉಳಿದಿದೆ.

ಬಾದಾಮಿಯಲ್ಲಿ ಮನೆಯವರ ಜೊತೆಗೆ ಅತಿಥಿಗಳ ಪ್ರಶ್ನೆಯೂ ಕೂಡಿಕೊಂಡಿದೆ. ಮೊದಲನೆಯ ಪುಲಕೇಶಿಯು 543ರಲ್ಲಿ ಕೋಟೆ ಕಟ್ಟಿಸಿದ ಬಂಡೆಯ ಮೇಲೂ, 578ರ ಮಂಗಳೇಶನ ಶಾಸನವುಳ್ಳ ಗುಹೆಯ ಮೆಟ್ಟಿಲುಗಳಲ್ಲೂ, ಪ್ರವಾಸಿಗರ ಕೈಯ ಪೊಟ್ಟಣವನ್ನು ಕಸಿದು ಹರಿದು ತಿಂಬ ಮಂಗಗಳ ಸೈನ್ಯವೊಂದಿದೆ. ತಿಂಡಿಯ ಪೊಟ್ಟಣಗಳಿಗೆ ಅವುಗಳನ್ನು ರೂಢಿಸಿದವರು ನಾವೇ ಆಗಿದ್ದು, ಗಾಳಿಗೆ ಹಾರಿದ ಹೊದಿಕೆಗಳು ಅಗಸ್ತ್ಯತೀರ್ಥದ ಕಡೆ ಸಾಗಿದಾಗ ಮಂಗನನ್ನು ಬೈಯುತ್ತೇವೆ. ಪುಷ್ಯಮಾಸದ ಬನದ ಹುಣ್ಣಿಮೆಗೆ ಬನಶಂಕರಿಯ ತೇರು ಎಳೆದ ಮೇಲೆ ವಾರಗಟ್ಟಲೆ ನಡೆಯುವ ಜಾತ್ರೆಯಲ್ಲಿ ಎಷ್ಟು ಎಲೆ, ಎಷ್ಟು ಲೋಟ, ಎಷ್ಟು ಚೀಲ ನೆಲ ಸೇರುತ್ತವೆಂಬುದನ್ನು ಜಾತ್ರೆ ಮುಗಿದ ಮರುದಿನ ಚೊಳಚಗುಡ್ಡದ ಬಯಲೇ ಹೇಳುತ್ತದೆ. ಆದರೆ ಅದೇ ಜಾತ್ರೆಯಲ್ಲಿ ಶಿಕ್ಷಣಕ್ಕೆ ಬೇಕಾದ ಅತ್ಯುತ್ತಮ ಶಾಲೆಯೂ ಇದೆ. ನಾಟಕ ಕಂಪನಿಗಳು ಸಾಲಾಗಿ ಡೇರೆ ಹೊಡೆದು, ರಾತ್ರಿಯಿಡೀ ಸಾವಿರಾರು ಜನರನ್ನು ಕೂರಿಸಿ ನಗಿಸುವ ಆ ರಂಗದ ಮೇಲೆ, ಹಾಸ್ಯಪಾತ್ರಧಾರಿಯೊಬ್ಬನು ಕಸವನ್ನು ನೆರೆಯವನ ಮಾಳಿಗೆಗೆ ಎಸೆದು ಸಿಕ್ಕಿಬಿದ್ದ ಪ್ರಸಂಗವನ್ನು ಐದು ನಿಮಿಷ ಆಡಿ ತೋರಿಸಿದರೆ, ಅದು ಇಲಾಖೆಯ ಒಂದು ವರ್ಷದ ಪ್ರಚಾರಕ್ಕೆ ಸಾಟಿಯಾದೀತು. ಉತ್ತರ ಕರ್ನಾಟಕದ ಪ್ರೇಕ್ಷಕನು ಭಾಷಣಕ್ಕೆ ಎದ್ದುಹೋಗುತ್ತಾನೆ, ಚೇಷ್ಟೆಗೆ ಕೂರುತ್ತಾನೆ.

ಮಕ್ಕಳನ್ನು ಮುಂದಿಟ್ಟುಕೊಂಡು ದೊಡ್ಡವರನ್ನು ಗೆದ್ದ ಊರುಗಳೂ ಉಂಟು. ಬ್ರೆಜಿಲ್ ದೇಶದ ಕುರಿಟಿಬಾ ನಗರವು 1989ರಲ್ಲಿ ವಿಂಗಡಣೆಯನ್ನು ಆರಂಭಿಸಿದಾಗ ಮೊದಲು ಪಾಠ ಹೇಳಿದ್ದು ಶಾಲೆಗಳಲ್ಲಿ. ಮಕ್ಕಳು ಮನೆಗೆ ಹೋಗಿ ತಂದೆ ತಾಯಿಗಳನ್ನು ತಿದ್ದಿದರು. 1991ರಲ್ಲಿ ಬಡವರ ಬಡಾವಣೆಗಳವರು ನಾಲ್ಕು ಕಿಲೋ ಒಣ ಕಸ ತಂದುಕೊಟ್ಟರೆ ಒಂದು ಕಿಲೋ ಕಾಯಿಪಲ್ಯ ಕೊಡುವ ಏರ್ಪಾಟೂ ಅಲ್ಲಿ ಬಂದಿತು. ನಮ್ಮಲ್ಲಿ ಇದಕ್ಕಿಂತ ಹಳೆಯ ವಿನಿಮಯವಿತ್ತು: ಹಳೆಯ ಕಬ್ಬಿಣ, ರದ್ದಿ, ಒಡೆದ ಬಕೀಟುಗಳಿಗೆ ಬದಲಾಗಿ ಉಳ್ಳಾಗಡ್ಡಿಯನ್ನೋ ಪಾತ್ರೆಯನ್ನೋ ಕೊಟ್ಟುಹೋಗುವ ತಳ್ಳುಗಾಡಿಯವನು. ಅವನೂ ಮೋಡಕಾ ಅಂಗಡಿಯವನೂ, ಬೀದಿಯಲ್ಲಿ ಆಯುವ ಹೆಂಗಸೂ ಸೇರಿಯೇ ನಮ್ಮ ದೇಶದ ನಿಜವಾದ ಮರುಬಳಕೆಯ ಉದ್ಯಮವನ್ನು ನಡೆಸುತ್ತಿದ್ದಾರೆ. ಬೆಂಗಳೂರಿನಲ್ಲಿ 'ಹಸಿರು ದಳ'ವೆಂಬ ಸಂಸ್ಥೆಯು ಚಿಂದಿ ಆಯುವವರಿಗೆ ಗುರುತಿನ ಚೀಟಿ ದೊರಕಿಸಿ, ವಾರ್ಡುಗಳ ಒಣಕಸದ ಕೇಂದ್ರಗಳನ್ನು ಅವರೇ ನಡೆಸುವಂತೆ ಮಾಡಿದ್ದನ್ನು ನೋಡಿದರೆ, ಅವರನ್ನು ಕಳ್ಳರಂತೆ ಕಾಣುವ ನಮ್ಮ ಊರುಗಳ ದೃಷ್ಟಿಯು ತಿದ್ದಿಕೊಳ್ಳಬೇಕಾದದ್ದೆಂಬುದು ಸ್ಪಷ್ಟವಾಗುತ್ತದೆ. ಬೆಂಗಳೂರು ಈ ವಿವೇಕಕ್ಕೆ ಬಂದದ್ದೂ ಪೆಟ್ಟು ತಿಂದ ಮೇಲೆಯೇ: ಮಾವಳ್ಳಿಪುರ, ಮಂಡೂರುಗಳ ಹಳ್ಳಿಗರು ನಿಮ್ಮ ಕಸ ನಮಗೆ ಸಾಕೆಂದು ದಾರಿಗೆ ಅಡ್ಡ ನಿಂತರು, 2015ರ ಡಿಸೆಂಬರಿನಲ್ಲಿ ಎರಡು ಬುಟ್ಟಿ ಒಂದು ಚೀಲದ ಪದ್ಧತಿಯನ್ನು ಉಚ್ಚ ನ್ಯಾಯಾಲಯವೇ ಕಡ್ಡಾಯ ಮಾಡಬೇಕಾಯಿತು. ಮಂಗಳೂರಿನ ಪಚ್ಚನಾಡಿಯಲ್ಲಿ 2019ರ ಆಗಸ್ಟಿನ ಮಳೆಗೆ ಕಸದ ಗುಡ್ಡವೇ ಕುಸಿದು ಮಂದಾರವೆಂಬ ಪ್ರದೇಶದ ಅಡಕೆ ತೆಂಗಿನ ತೋಟಗಳನ್ನು ಹೂಳಿತು. ನಮ್ಮ ನಾಲ್ಕು ಊರುಗಳ ದಿಬ್ಬಗಳು ಇನ್ನೂ ಅಷ್ಟು ಎತ್ತರಕ್ಕೆ ಬೆಳೆದಿಲ್ಲ.

ಇಷ್ಟಾದರೂ, ಶಿಕ್ಷಣದ ಎಲ್ಲ ಶ್ರಮವನ್ನೂ ಒಂದೇ ದಿನದಲ್ಲಿ ನಿರ್ನಾಮ ಮಾಡಬಲ್ಲ ಒಂದು ದೋಷವಿದೆ, ಅದನ್ನು ಹೇಳದೆ ಈ ಲೇಖನವನ್ನು ಮುಗಿಸಿದರೆ ಅಪ್ರಾಮಾಣಿಕವಾದೀತು. "ಅಕ್ಕಾರ, ಹಸೀದು ಬ್ಯಾರೆ ಒಣಾದು ಬ್ಯಾರೆ ಹಾಕ್ರಿ" ಎಂದು ಗಾಡಿಯವನು ಹೇಳಿದಾಗ, "ನಾ ಬ್ಯಾರೆ ಮಾಡೇ ಕೊಡ್ತೀನ್ರಿ, ನೀವು ಗಾಡ್ಯಾಗ ಎರಡೂ ಕೂಡಿಸೇ ಒಯ್ತೀರಲ್ಲ?" ಎಂದು ಗೃಹಿಣಿ ಕೇಳುವ ಪ್ರಶ್ನೆಗೆ ಎಷ್ಟೋ ಊರುಗಳಲ್ಲಿ ಉತ್ತರವಿಲ್ಲ. ಬೇರ್ಪಡಿಸಿ ಕೊಟ್ಟದ್ದು ಕಣ್ಣೆದುರಿಗೇ ಒಂದಾದುದನ್ನು ಒಮ್ಮೆ ಕಂಡವಳಿಗೆ ಆಮೇಲೆ ಯಾವ ಉಪದೇಶವೂ ನಾಟುವುದಿಲ್ಲ, ನಾಟಬಾರದು ಕೂಡ. ಆದ್ದರಿಂದ ಗಾಡಿಯಲ್ಲಿ ಎರಡು ಕೋಣೆಗಳಾಗುವುದಕ್ಕೆ ಮುನ್ನ, ಹಸಿಯದಕ್ಕೆ ಗೊಬ್ಬರದ ಗುಂಡಿಯೂ ಒಣಗಿದ್ದಕ್ಕೆ ಕೊಳ್ಳುವವನೂ ಗೊತ್ತಾಗುವುದಕ್ಕೆ ಮುನ್ನ, ಪೌರಕಾರ್ಮಿಕನಿಗೆ ಕೈಗವಸು ದೊರೆಯುವುದಕ್ಕೆ ಮುನ್ನ, ಜನಜಾಗೃತಿಯ ಮೆರವಣಿಗೆ ಹೊರಡಿಸುವುದು ನನ್ನ ದೃಷ್ಟಿಯಲ್ಲಿ ತಪ್ಪು. ಮೊದಲು ಒಂದು ವಾರ್ಡು, ಅಲ್ಲಿ ಕಡೆಯತನಕ ಸರಿಯಾದ ವ್ಯವಸ್ಥೆ, ಆಮೇಲೆ ಎರಡನೆಯದು. ಇದು ನಿಧಾನದ ದಾರಿಯಾದರೂ ಹಿಂದಕ್ಕೆ ಜಾರದ ದಾರಿ.

ಜಪಾನಿನ ತೊಕುಶಿಮಾ ಪ್ರಾಂತದ ಕಾಮಿಕಾತ್ಸು ಎಂಬ ಬೆಟ್ಟದ ಊರಿನವರು 2003ರಲ್ಲಿ ಕಸವನ್ನೇ ಉಳಿಸುವುದಿಲ್ಲವೆಂದು ಘೋಷಿಸಿ, ಮನೆಯ ತ್ಯಾಜ್ಯವನ್ನು ಸುಮಾರು 45 ಬಗೆಯಾಗಿ ವಿಂಗಡಿಸಿ, ನೂರಕ್ಕೆ ಎಂಬತ್ತರಷ್ಟನ್ನು ಮರಳಿ ಬಳಕೆಗೆ ತಂದಿದ್ದಾರೆ. ಅಲ್ಲಿಯೂ ಪೂರ್ಣ ಗುರಿ ಇನ್ನೂ ಕೈಗೂಡಿಲ್ಲ. ನಮಗೆ ಸದ್ಯಕ್ಕೆ ಮೂರು ಬಗೆ ಸಾಕು.

ಈ ನಾಲ್ಕು ಊರುಗಳ ಓದುಗರಲ್ಲಿ ನನ್ನ ವಿಜ್ಞಾಪನೆಯು ಎರಡೇ. ಮನೆಯಲ್ಲಿ ಇಂದಿನಿಂದಲೇ ಎರಡು ಬುಟ್ಟಿ, ಒಂದು ಡಬ್ಬಿ ಇಡಿರಿ. ಹಸಿಯದಕ್ಕೆ ಜಾಗವಿದ್ದರೆ ಮಡಕೆಯಿಡಿರಿ, ಇಲ್ಲವಾದರೆ ಗಾಡಿಗೆ ಕೊಡಿರಿ. ಮತ್ತು ನಿಮ್ಮ ವಾರ್ಡಿನ ಸದಸ್ಯರ ಬಳಿಗೆ ಓಣಿಯ ನಾಲ್ಕು ಜನ ಕೂಡಿ ಹೋಗಿ, ಕಳೆದ ತಿಂಗಳು ನಮ್ಮ ವಾರ್ಡಿನಿಂದ ಹೊರಟ ಒಣ ಕಸವು ಎಷ್ಟು, ಅದು ಯಾರಿಗೆ ಮಾರಾಟವಾಯಿತು, ಹಸಿಯದು ಯಾವ ಹೊಲಕ್ಕೆ ಸೇರಿತು ಎಂಬುದನ್ನು ನಗರಸಭೆ ಪುರಸಭೆಗಳ ಕಚೇರಿಯ ಗೋಡೆಯ ಮೇಲೆ ತಿಂಗಳಿಗೊಮ್ಮೆ ಬರೆಯಿಸಿರೆಂದು ಕೇಳಿರಿ.